ದಿಂಬಿನ ಮೇಲಿನ ಲೇಸ್: ಪಟ್ಟಿ ಯಾಕೆ ಸೊರಗುತ್ತದೆ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನವಳು. ಹತ್ತು ವರ್ಷದಿಂದ ಕ್ರೋಶಾ, ಸೀರೆ ಕುಚ್ಚು ಹಾಕುತ್ತಿದ್ದೇನೆ. ದಿಂಬಿನ ಮೇಲೆ ನೂಲು ಸುತ್ತಿದ ಮರದ ಕಡ್ಡಿಗಳಿಂದ ಹೆಣೆಯುವ ಬಾಬಿನ್ ಲೇಸನ್ನು ಮೊಬೈಲಿನಲ್ಲಿ ನೋಡಿ ಆಸೆಯಾಯಿತು, ಆನ್‌ಲೈನಿನಲ್ಲಿ ಕಿಟ್ ತರಿಸಿದೆ. ಎರಡು ತಿಂಗಳಾಯಿತು. ಏಳು ಜೋಡಿ ಕಡ್ಡಿಯ ಸಾದಾ ಪಟ್ಟಿ ಹಾಕುತ್ತೇನೆ. ದಿಂಬಿನ ಮೇಲಿರುವಾಗ ಚೆನ್ನಾಗಿ ಕಾಣುತ್ತದೆ, ಸೂಜಿ ಕಿತ್ತ ಕೂಡಲೇ ಸುಕ್ಕಾಗಿ ಸೊರಗುತ್ತದೆ. ನಡುವೆ ತಪ್ಪಾದರೆ ಎಲ್ಲಿ ತಪ್ಪಿದೆ ಎಂದು ಗೊತ್ತಾಗದೆ ಕತ್ತರಿಸಿ ಹೊಸದಾಗಿ ಶುರು ಮಾಡುತ್ತೇನೆ. ಇನ್ನೂ ಒಳ್ಳೆಯ ಸಾಮಾನು ಕೊಳ್ಳಬೇಕೇ? ನಮ್ಮ ಸಂಘದ ಆರು ಜನ ಹೆಂಗಸರಿಗೆ ಕಲಿಸಿದರೆ ಸಂಪಾದನೆಗೆ ದಾರಿಯಾದೀತೇ?

ಉತ್ತರ: ನೀವು ಕಳಿಸಿದ ಫೋಟೋದಲ್ಲಿ ಪಟ್ಟಿಯ ಎರಡೂ ಅಂಚಿನ ಗುಂಡುಸೂಜಿಗಳು ಒಂದಕ್ಕೊಂದು ನಮಸ್ಕಾರ ಮಾಡುವ ಹಾಗೆ ಒಳಕ್ಕೆ ಬಾಗಿ ನಿಂತಿವೆ. ಅರ್ಧ ಉತ್ತರ ಅಲ್ಲೇ ಇದೆ. ನೀವು ಎಳೆಯುತ್ತಿರುವುದು ಎಳೆಯಬಾರದ ಜೋಡಿಯನ್ನು.

ಸಾದಾ ಪಟ್ಟಿ ಎಂದರೆ ಮಗ್ಗವಿಲ್ಲದ ನೇಯ್ಗೆ. ಆರು ಜೋಡಿ ನೆಟ್ಟಗೆ ಕೆಳಗಿಳಿಯುತ್ತವೆ, ಅವು ಹಾಸು. ಒಂದು ಜೋಡಿ ಈ ಅಂಚಿನಿಂದ ಆ ಅಂಚಿಗೆ ಓಡಾಡುತ್ತದೆ, ಅದು ಹೊಕ್ಕು. ಸಾಲು ಮುಗಿದು ಸೂಜಿ ಚುಚ್ಚಿದ ಮೇಲೆ ‘ಬಿಗಿ ಮಾಡಬೇಕು’ ಎಂದು ವೀಡಿಯೋದಲ್ಲಿ ಹೇಳಿರುತ್ತಾರೆ, ನೀವು ಕೈಯಲ್ಲಿರುವ ಹೊಕ್ಕನ್ನೇ ಜಗ್ಗುತ್ತೀರಿ. ಲಂಗದ ಲಾಡಿ ಎಳೆದರೆ ಏನಾಗುತ್ತದೆ? ನೆರಿಗೆ ಕೂಡುತ್ತದೆ. ಇಲ್ಲೂ ಅದೇ ಆಗುವುದು. ಸೂಜಿಗಳು ಇರುವವರೆಗೆ ಅಗಲವನ್ನು ಬಲವಂತದಿಂದ ಹಿಡಿದಿರುತ್ತವೆ, ಕಿತ್ತ ತಕ್ಷಣ ಹೊಕ್ಕು ತನ್ನ ನಿಜವಾದ ಉದ್ದಕ್ಕೆ ಕುಗ್ಗುತ್ತದೆ.

ಜಗ್ಗಬೇಕಾದ್ದು ಹಾಸನ್ನು. ಸಾಲು ಮುಗಿಸಿ, ಹೊಕ್ಕಿನ ಜೋಡಿಯನ್ನು ಒಮ್ಮೆ ತಿರುವಿ, ಅದಕ್ಕೂ ಕೊನೆಯ ಹಾಸಿಗೂ ನಡುವೆ ಸೂಜಿ ಚುಚ್ಚಿ. ಈಗ ಹೊಕ್ಕಿನ ಕಡ್ಡಿಗಳನ್ನು ಪಕ್ಕಕ್ಕೆ ಮಲಗಿಸಿ ಸುಮ್ಮನಿರಿ. ಹಾಸಿನ ಕಡ್ಡಿಗಳನ್ನು ಬೀಸಣಿಗೆಯ ಹಾಗೆ ಹರಡಿ, ಎರಡೆರಡಾಗಿ ಹಿಡಿದು, ನಿಮ್ಮ ಹೊಟ್ಟೆಯ ಕಡೆಗೆ ಮೆತ್ತಗೆ ಎಳೆಯಿರಿ. ಹಾಸು ನೆಟ್ಟಗಾದ ಮೇಲೆ ಹೊಕ್ಕನ್ನು ಎಳೆಯುವುದು ಬೇಡ, ಸೂಜಿಗೆ ತಾಗಿ ಕೂರುವಷ್ಟು ಮಾತ್ರ ಸರಿಸಿ. ಸೂಜಿಯನ್ನು ನೆಟ್ಟಗೆ ಚುಚ್ಚುವ ಬದಲು ತಲೆ ಸ್ವಲ್ಪ ಹೊರಕ್ಕೆ, ಸ್ವಲ್ಪ ಹಿಂದಕ್ಕೆ ವಾಲುವಂತೆ ಚುಚ್ಚಿ. ಹೊಕ್ಕು ಬಿಗಿಯಾಗುತ್ತಿದ್ದರೆ ಸೂಜಿಯೇ ನೆಟ್ಟಗಾಗಿ ನಿಮಗೆ ತಿಳಿಸುತ್ತದೆ. ಹೊಸದಾಗಿ ಹೆಣೆದ ಮೂರು ನಾಲ್ಕು ಇಂಚು ಪಟ್ಟಿಯ ಸೂಜಿಗಳನ್ನು ಕೀಳಲೇಬೇಡಿ. ಸೂಜಿ ಸಾಲದೆ ಬಂದರೆ ಎಲ್ಲಕ್ಕಿಂತ ಮೇಲಿನದನ್ನು ಕಿತ್ತು ಕೆಳಗೆ ಬಳಸಿ.

ಕ್ರೋಶಾ ಬಲ್ಲವರಿಗೆ ಈ ತಪ್ಪು ಹೆಚ್ಚು, ನನಗೂ ಆಗಿತ್ತು. ಕ್ರೋಶಾದಲ್ಲಿ ನೂಲಿನ ಬಿಗಿ ಎಡಗೈ ಬೆರಳಲ್ಲಿ ಇರುತ್ತದೆ. ಇಲ್ಲಿ ಬಿಗಿ ಕೊಡುವುದು ಕಡ್ಡಿಯ ತೂಕ. ಇಂಗ್ಲೆಂಡಿನ ಒಂದು ಭಾಗದ ಕಡ್ಡಿಗಳ ತುದಿಗೆ ಗಾಜಿನ ಮಣಿಗಳ ಬಳೆ ಕಟ್ಟಿರುವುದನ್ನು ನೀವು ನೋಡಿರಬಹುದು. ಅಂದಕ್ಕೆ ಎಂದುಕೊಳ್ಳುತ್ತೇವೆ, ಆದರೆ ಅದು ತೂಕಕ್ಕೆ, ಮತ್ತು ಕಡ್ಡಿ ಉರುಳದಿರಲಿ ಎಂದು. ಹಾಗಾಗಿ ಕಡ್ಡಿಯನ್ನು ಪೆನ್ನಿನಂತೆ ಹಿಡಿಯಬೇಡಿ. ದಿಂಬಿನ ಮೇಲೆ ಮಲಗಿರಲಿ, ಬೆರಳ ತುದಿಯಿಂದ ಎತ್ತಿ ದಾಟಿಸಿ ಬಿಟ್ಟುಬಿಡಿ. ಸೂಜಿಯಿಂದ ಕಡ್ಡಿಯವರೆಗಿನ ನೂಲು ಅರ್ಧ ಗೇಣು ಇದ್ದರೆ ಸಾಕು. ನಿಮ್ಮ ಫೋಟೋದಲ್ಲಿ ಒಂದು ಗೇಣು ದಾಟಿದೆ, ಸಿಕ್ಕಾಗುವುದು ಅದಕ್ಕೇ.

ಇನ್ನು ‘ಎಲ್ಲಿ ತಪ್ಪಿದೆ ಗೊತ್ತಾಗುವುದಿಲ್ಲ’ ಎಂಬ ಮಾತು. ನನ್ನ ಲೆಕ್ಕದಲ್ಲಿ ನಿಮ್ಮ ಪ್ರಶ್ನೆಯ ತಿರುಳು ಇದೇ.

ಈ ಕಲೆಯಲ್ಲಿ ಇರುವುದು ಎರಡೇ ಚಲನೆ: ಅಡ್ಡ ಮತ್ತು ತಿರುವು. ಎದುರಿಗೆ ನಾಲ್ಕು ಕಡ್ಡಿ ಇವೆ, ಎಡದಿಂದ 1, 2, 3, 4. ಅಡ್ಡ ಎಂದರೆ 2 ಅನ್ನು 3ರ ಮೇಲೆ ದಾಟಿಸುವುದು. ತಿರುವು ಎಂದರೆ 2 ಅನ್ನು 1ರ ಮೇಲೆ, 4 ಅನ್ನು 3ರ ಮೇಲೆ ದಾಟಿಸುವುದು. ಇಷ್ಟೇ. ಅಡ್ಡ-ತಿರುವು-ಅಡ್ಡ ಎಂದರೆ ನೀವು ಹಾಕುತ್ತಿರುವ ಸಾದಾ ಹೆಣಿಗೆ. ಅಡ್ಡ-ತಿರುವು ಎಂದಲ್ಲಿ ನಿಲ್ಲಿಸಿದರೆ ಅರ್ಧ ಹೆಣಿಗೆ. ಅದನ್ನೇ ಎರಡು ಸಲ ಮಾಡಿದರೆ ಪೂರ್ತಿ ಹೆಣಿಗೆ. ಎಲ್ಲರೂ ಎಡವುವುದು ಈ ಸಂಖ್ಯೆಗಳಲ್ಲಿ. 1, 2, 3, 4 ಎಂಬುದು ಕಡ್ಡಿಯ ಹೆಸರಲ್ಲ, ಜಾಗದ ಹೆಸರು. ಬಸ್ಸಿನ ಸೀಟು ನಂಬರ್ ಇದ್ದ ಹಾಗೆ. ಕೂತವರು ಬದಲಾಗುತ್ತಾರೆ, ನಂಬರ್ ಅಲ್ಲೇ ಇರುತ್ತದೆ. ಒಂದು ಅಡ್ಡ ಹಾಕಿದ ಮೇಲೆ ಮೊದಲು 2 ಆಗಿದ್ದ ಕಡ್ಡಿ ಈಗ 3ರಲ್ಲಿ ಕೂತಿದೆ. ಪ್ರತಿ ಚಲನೆಯ ನಂತರ ಎಡದಿಂದ ಹೊಸದಾಗಿ ಎಣಿಸಬೇಕು. ಹಾಸನದ ನನ್ನ ಮನೆಗೆ ಕಲಿಯಲು ಬಂದ ಒಬ್ಬರು ಕಡ್ಡಿಗಳ ಮೇಲೆ ಸ್ಕೆಚ್ ಪೆನ್ನಿನಲ್ಲಿ ನಂಬರ್ ಬರೆದುಕೊಂಡು ಬಂದಿದ್ದರು. ಮೊದಲ ದಿನ ಅದನ್ನು ಉಜ್ಜಿ ತೆಗೆಸುವುದೇ ಪಾಠವಾಯಿತು.

ನಾಳೆ ಒಂದು ಕೆಲಸ ಮಾಡಿ. ಹೊಕ್ಕಿನ ಜೋಡಿಗೆ ಕೆಂಪು ನೂಲು ಸುತ್ತಿ, ಹಾಸೆಲ್ಲ ಬಿಳಿ ಇರಲಿ. ಸಾದಾ ಹೆಣಿಗೆಯಲ್ಲಿ ಎರಡೂ ಕೆಂಪು ಎಳೆ ಜೊತೆಯಾಗಿಯೇ ಹೋಗಿ ಜೊತೆಯಾಗಿಯೇ ಬರುತ್ತವೆ. ಒಂದು ಕೆಂಪು ಎಳೆ ಹಾಸಿನಲ್ಲಿ ಕಳಚಿಕೊಂಡು ಕೆಳಗಿಳಿಯಿತು ಎಂದರೆ ಅಲ್ಲೇ ಒಂದು ಅಡ್ಡ ಬಿಟ್ಟಿದ್ದೀರಿ. ಆಮೇಲೆ ಅದೇ ಪಟ್ಟಿಯಲ್ಲಿ ಅರ್ಧ ಹೆಣಿಗೆಗೆ ಹೊರಳಿ ನೋಡಿ. ಈಗ ಒಂದೇ ಕೆಂಪು ಎಳೆ ಅಡ್ಡಲಾಗಿ ಓಡುತ್ತದೆ, ಇನ್ನೊಂದು ಬಿಳಿಯ ನಡುವೆ ಓರೆಯಾಗಿ ಇಳಿದು ಹೋಗುತ್ತದೆ. ಇಲ್ಲಿ ಅದು ತಪ್ಪಲ್ಲ, ಅರ್ಧ ಹೆಣಿಗೆಯ ಸ್ವಭಾವವೇ ಹಾಗೆ, ಅದರಿಂದಲೇ ಜರಡಿಯಂಥ ಬಲೆ ಮೂಡುತ್ತದೆ. ನನ್ನ ಬಾಯಿಮಾತು ಹತ್ತು ಪುಟ ಹೇಳಿದ್ದನ್ನು ಈ ಕೆಂಪು ಎಳೆ ಒಂದು ಗಂಟೆಯಲ್ಲಿ ಹೇಳುತ್ತದೆ.

ಕತ್ತರಿಯನ್ನು ಮಾತ್ರ ಸದ್ಯಕ್ಕೆ ಎತ್ತಿಡಿ. ಜಡೆ ಕೋಲಾಟ ನೋಡಿದ್ದೀರಲ್ಲ? ಮೇಲಿನಿಂದ ಇಳಿಬಿಟ್ಟ ಹಗ್ಗಗಳ ತುದಿ ಹಿಡಿದು ಒಬ್ಬರನ್ನೊಬ್ಬರು ದಾಟಿ ಕುಣಿಯುತ್ತಾರೆ, ಜಡೆ ಬೀಳುತ್ತದೆ. ಅದೇ ಹೆಜ್ಜೆಯನ್ನು ಹಿಮ್ಮುಖವಾಗಿ ಹಾಕಿದರೆ ಜಡೆ ಬಿಚ್ಚಿಕೊಳ್ಳುತ್ತದೆ. ಒಬ್ಬ ಹೆಜ್ಜೆ ತಪ್ಪಿದರೆ ಹಗ್ಗ ಕತ್ತರಿಸುವುದಿಲ್ಲ, ತಪ್ಪಿದಲ್ಲಿಗೆ ಹಿಂದಕ್ಕೆ ಕುಣಿಯುತ್ತಾರೆ. ಬಾಬಿನ್ ಲೇಸ್ ಎಂದರೆ ದಿಂಬಿನ ಮೇಲಿನ ಜಡೆ ಕೋಲಾಟ, ಕುಣಿಯುವುದು ಕಡ್ಡಿ. ಗಂಟು ಎಲ್ಲೂ ಇಲ್ಲ, ಆದ್ದರಿಂದ ಪ್ರತಿಯೊಂದನ್ನೂ ಬಿಚ್ಚಬಹುದು. ಕುಚ್ಚಿನಲ್ಲಿ ಈ ಸುಖವಿಲ್ಲ.

ಸಾದಾ ಹೆಣಿಗೆ ಬಿಚ್ಚುವುದು ಹೀಗೆ. ಕೊನೆಯ ಅಡ್ಡದಲ್ಲಿ 2 ಹೋಗಿ 3ರ ಮೇಲೆ ಕೂತಿತ್ತು, ಈಗ 3 ಅನ್ನು 2ರ ಮೇಲೆ ತನ್ನಿ. ತಿರುವು ಬಿಚ್ಚಲು 1 ಅನ್ನು 2ರ ಮೇಲೆ, 3 ಅನ್ನು 4ರ ಮೇಲೆ ತನ್ನಿ. ಮತ್ತೆ 3 ಅನ್ನು 2ರ ಮೇಲೆ. ಒಂದು ಹೆಣಿಗೆ ಬಿಚ್ಚಿತು. ಹಾಗೇ ಅಂಚಿನವರೆಗೆ ಹೋಗಿ, ಸೂಜಿ ಸಿಕ್ಕಾಗ ಮಾತ್ರ ಅದನ್ನು ಕಿತ್ತು, ಹೊಕ್ಕಿನ ತಿರುವು ತೆಗೆದು ಅದರ ಹಿಂದಿನ ಸಾಲಿಗೆ ಹೋಗಿ. ಗಾಬರಿಯಲ್ಲಿ ಮೊದಲೇ ನಾಲ್ಕು ಸೂಜಿ ಕಿತ್ತರೆ ದಾರಿ ಕಾಣುವುದಿಲ್ಲ. ನನ್ನ ಬಳಿ ಕಲಿಯುವವರಿಗೆ ಮೊದಲ ವಾರ ಕೊಡುವ ಅಭ್ಯಾಸ ಇದು: ನಾಲ್ಕು ಸಾಲು ಹಾಕು, ಎರಡು ಬಿಚ್ಚು, ಮತ್ತೆ ನಾಲ್ಕು ಹಾಕು, ಎರಡು ಬಿಚ್ಚು. ಬೇಸರವಾಗುತ್ತದೆ, ಬೈದುಕೊಳ್ಳುತ್ತಾರೆ. ಎರಡನೇ ವಾರ ನೂಲನ್ನು ನೋಡಿಯೇ ‘ಇಲ್ಲಿ ತಿರುವು ಬಿಟ್ಟಿದ್ದೇನೆ’ ಎನ್ನುತ್ತಾರೆ.

ಸಾಮಾನಿನ ವಿಷಯಕ್ಕೆ ಬರೋಣ. ಇನ್ನೇನೂ ಕೊಳ್ಳಬೇಡಿ, ಕಿಟ್‌ಗೆ ಕೊಟ್ಟ ದುಡ್ಡೇ ಜಾಸ್ತಿ. ಅಂಗಡಿಯಲ್ಲಿ ಬಾಬಿನ್ ಕೇಳಿದರೆ ಹೊಲಿಗೆ ಮಿಷನ್ನಿನ ಬಾಬಿನ್ ಕೊಡುತ್ತಾರೆ, ಲೇಸ್ ಕೇಳಿದರೆ ಮೀಟರ್ ಲೆಕ್ಕದ ಮಿಷನ್ ಲೇಸು. ಅದಕ್ಕೇ ನಾನು ಕಡ್ಡಿ ಎನ್ನುವುದು.

ನಿಮ್ಮ ಸಂಘದ ಆರು ಜನಕ್ಕೆ ಕಡ್ಡಿ ಬೇಕೆಂದರೆ ತೋಟಕ್ಕೆ ಹೋಗಿ. ಕಾಫಿ ಮರ ಗಟ್ಟಿ, ನುಣುಪು ಎಂದು ನಿಮಗೇ ಗೊತ್ತು, ಚಿಕ್ಕಮಗಳೂರಿನಲ್ಲಿ ಅದರಲ್ಲಿ ಊರುಗೋಲು, ಬೊಂಬೆ ಮಾಡಿ ಮಾರುತ್ತಾರೆ. ಕಾಫಿ ಗಿಡ ಸವರುವಾಗ (ಕಸಿ ಮಾಡುವಾಗ) ಬಿದ್ದ ಪೆನ್ಸಿಲ್ ದಪ್ಪದ ನೆಟ್ಟನೆ ರೆಂಬೆ ಆರಿಸಿ, ನಾಲ್ಕು ಇಂಚಿಗೆ ತುಂಡು ಮಾಡಿ, ನೆರಳಲ್ಲಿ ಒಣಗಿಸಿ, ಸಿಪ್ಪೆ ಹೆರೆದು ಮರಳು ಕಾಗದ ಹಾಕಿ. ಒಂದು ತುದಿಯಿಂದ ಕಾಲು ಇಂಚು ಬಿಟ್ಟು ಸುತ್ತಲೂ ಸಣ್ಣ ಕಚ್ಚು ಕೊಯ್ಯಿರಿ, ನೂಲಿನ ಕುಣಿಕೆ ನಿಲ್ಲುವುದು ಅಲ್ಲಿ. ಎಲ್ಲವೂ ಹೆಚ್ಚುಕಡಿಮೆ ಒಂದೇ ತೂಕ ಇದ್ದರಾಯಿತು. ಮುಂದೆ ಚೆಂದದ್ದು ಬೇಕೆನಿಸಿದರೆ ಚನ್ನಪಟ್ಟಣದ ಕಡೆ ಹಾಲೆ ಮರ ಕಡೆಯುವವರಿಗೆ ಒಂದು ಮಾದರಿ ತೋರಿಸಿ ಮಾಡಿಸಿಕೊಳ್ಳಿ.

ದಿಂಬಿಗೆ ಬೇಕಾದ್ದು ಒಂದೇ ಗುಣ: ಚುಚ್ಚಿದ ಸೂಜಿ ಅಲ್ಲಾಡದೆ ನಿಲ್ಲಬೇಕು. ಹಳೆಯ ಯೂರೋಪಿನಲ್ಲಿ ಹುಲ್ಲು, ಮರದ ಹೊಟ್ಟು ತುಂಬುತ್ತಿದ್ದರು. ನಮ್ಮಲ್ಲಿ ಭತ್ತದ ಹುಲ್ಲು ಸಣ್ಣಗೆ ಕತ್ತರಿಸಿ, ಗಟ್ಟಿ ಖಾದಿ ಚೀಲಕ್ಕೆ ತುರುಕಿ, ಒನಕೆಯಿಂದ ಕುಟ್ಟುತ್ತಾ ಮತ್ತೆ ತುರುಕಬೇಕು. ಇನ್ನು ಹಿಡಿಯುವುದಿಲ್ಲ ಎಂದಾಗ ಇನ್ನೆರಡು ಹಿಡಿ. ಉದ್ದ ಲೋಡಿನಂತೆ ಮಾಡಿಕೊಂಡರೆ ಒಂದು ಸಿಂಬೆಯ ಮೇಲೆ ಕೂರಿಸಿ ಉರುಳಿಸುತ್ತಾ ಮೀಟರುಗಟ್ಟಲೆ ಹಾಕಬಹುದು. ಶ್ರೀಲಂಕಾದ ಗಾಲೆ ಕಡೆ ಬೀರಲು ಎಂದು ಕರೆಯುವ ಇದೇ ಲೇಸಿಗೂ ಉರುಳುವ ದಿಂಬನ್ನೇ ಬಳಸುತ್ತಾರೆ. ಟಿವಿ ಡಬ್ಬದ ಥರ್ಮಕೋಲು ಮೂರು ತಿಂಗಳಿಗೆ ಜರಡಿ. ಕಾಫಿ ಹೊಟ್ಟನ್ನೂ ತುಂಬಿ ನೋಡಿದ್ದೇನೆ, ಪರಿಮಳ ಚೆನ್ನಾಗಿತ್ತು, ಸೂಜಿ ನಿಲ್ಲಲಿಲ್ಲ.

ಸೂಜಿಯಲ್ಲಿ ಮಾತ್ರ ಜಿಪುಣತನ ಬೇಡ. ನನ್ನ ಮೊದಲ ಕರವಸ್ತ್ರದ ಅಂಚು ಮುಗಿಯುವ ಹೊತ್ತಿಗೆ ಆರಿದ್ರಾ ಮಳೆ ಹಿಡಿಯಿತು. ಆಫೀಸಿನ ಗುಂಡುಸೂಜಿ ಚುಚ್ಚಿದ್ದ ದಿಂಬನ್ನು ಹಾಗೇ ಮುಚ್ಚಿಟ್ಟು ಊರಿಗೆ ಹೋದೆ. ಪುಷ್ಯ ಮಳೆಯಲ್ಲಿ ವಾಪಸು ಬಂದು ನೋಡಿದರೆ ಪ್ರತಿ ತೂತಿನ ಸುತ್ತ ಕಂದು ಬೊಟ್ಟು, ದಿಂಬಿನ ಅಡಿಯಲ್ಲಿ ಬೂಷ್ಟು. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕೋಣವೆಂದರೆ ಬಿಸಿಲೆಲ್ಲಿ? ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯ ಸಣ್ಣ ಸೂಜಿ ಬಳಸಿ. ಹಿತ್ತಾಳೆಯೂ ವರ್ಷಗಟ್ಟಲೆ ಬಿಟ್ಟರೆ ಹಸಿರು ಬಿಡುತ್ತದೆ. ನಿಮ್ಮ ಕಡೆ ನಮಗಿಂತ ಮಳೆ ಹೆಚ್ಚು, ಮಳೆಗಾಲದಲ್ಲಿ ದಿಂಬು ಒಲೆಯ ಹತ್ತಿರದ ಅಟ್ಟದಲ್ಲಿರಲಿ.

ನೂಲು ಅಂಗಡಿಯಲ್ಲಿ ಸಿಗುವ 20 ನಂಬರ್ ಕ್ರೋಶಾ ಹತ್ತಿ ನೂಲೇ ಸಾಕು. ಅದಕ್ಕೆ ಸಾದಾ ಪಟ್ಟಿಯ ಒಂದೇ ಅಂಚಿನ ಸೂಜಿಗಳ ನಡುವೆ ಸುಮಾರು 4 ಮಿಲಿಮೀಟರ್ ಬಿಡಿ. ನಿಮ್ಮದು ತೀರಾ ಹತ್ತಿರ ಇದೆ, ಪಟ್ಟಿ ರಟ್ಟಿನಂತಾಗಿರುವುದಕ್ಕೆ ಅದೂ ಒಂದು ಕಾರಣ. ಹೆಣಿಗೆ ತೆಳು ಮಲ್ಲಿನ ಹಾಗೆ ಕಾಣಬೇಕು. ಒಂದು ಜೋಡಿ ಎಂದರೆ ಒಂದೇ ನೂಲಿನ ಎರಡು ತುದಿಗೆ ಎರಡು ಕಡ್ಡಿ, ಶುರುವಿನಲ್ಲಿ ಗಂಟು ಬೇಕಿಲ್ಲ.

ಮಾದರಿ ಬರೆಯಲು ಹತ್ತನೇ ಕ್ಲಾಸಿನ ಮಕ್ಕಳ ಗ್ರಾಫ್ ಹಾಳೆ ತೆಗೆದುಕೊಂಡು ರಟ್ಟಿಗೆ ಅಂಟಿಸಿ. ನೀವು ಹಬ್ಬಕ್ಕೆ ಮಧ್ಯಚುಕ್ಕಿ ರಂಗೋಲಿ ಹಾಕುವವರಾದರೆ ಟಾರ್ಶನ್ ಎಂಬ ಸರಳ ಬಗೆಯ ಬಾಬಿನ್ ಲೇಸಿನ ಮಾದರಿ ಅರ್ಧ ಬಂದ ಹಾಗೆ. ಎರಡು ಚುಕ್ಕಿಯ ನಡುವೆ ಕೆಳಗಿನ ಚುಕ್ಕಿ, 45 ಡಿಗ್ರಿ ಓರೆ, ಅಷ್ಟೇ ಅದರ ವ್ಯಾಕರಣ. ಟಾರ್ಶನ್ ಎಂದರೆ ಫ್ರೆಂಚಿನಲ್ಲಿ ಒರೆಸುವ ಬಟ್ಟೆ. ಸರಳ, ಒರಟು ಎಂದು ಸಿರಿವಂತರು ಇಟ್ಟ ಹೆಸರಿರಬೇಕು, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಬೇಲೂರು ದೇವಸ್ಥಾನದ ಜಾಲಂಧ್ರಗಳಲ್ಲಿ (ಕಲ್ಲಿನ ಜಾಲರಿ ಕಿಟಕಿ) ಜ್ಯಾಮಿತಿಯ ಮಾದರಿಗಳಿವೆಯಲ್ಲ, ಒಮ್ಮೆ ಹೋಗಿ ಗ್ರಾಫ್ ಹಾಳೆಯಲ್ಲಿ ಬರೆದುಕೊಂಡು ಬನ್ನಿ. ಪಾರಿವಾಳ, ನವಿಲು ಎಂದು ಈಗಲೇ ಹೊರಡಬೇಡಿ.

ಇಂಟರ್‌ನೆಟ್ಟಿನ ನಕ್ಷೆಗಳಿಗೆ ಹೆದರುವುದೂ ಬೇಡ. ಅಲ್ಲಿ ಒಂದು ಗೆರೆ ಎಂದರೆ ಒಂದು ಎಳೆ ಅಲ್ಲ, ಒಂದು ಜೋಡಿ. ಬೆಲ್ಜಿಯಮ್ಮಿನಿಂದ ಬಂದ ಬಣ್ಣದ ಪದ್ಧತಿಯೊಂದು ಈಗ ಎಲ್ಲೆಡೆ ನಡೆಯುತ್ತದೆ: ನೇರಳೆ ಎಂದರೆ ಸಾದಾ ಹೆಣಿಗೆ, ಹಸಿರು ಎಂದರೆ ಅರ್ಧ, ಕೆಂಪು ಎಂದರೆ ಪೂರ್ತಿ. ಇಷ್ಟು ಗೊತ್ತಿದ್ದರೆ ಜರ್ಮನ್ ಪುಸ್ತಕದ ನಕ್ಷೆಯನ್ನೂ ಓದಬಹುದು.

ಕಲಿಸುವ ಬಗ್ಗೆ. ನಾನು ಕಲಿತದ್ದು ಕಾನ್ವೆಂಟ್ ಒಂದರಲ್ಲಿ, ಕನ್ಯಾಕುಮಾರಿ ಕಡೆಯ ಸಿಸ್ಟರ್ ಒಬ್ಬರಿಂದ. ಆ ಕಡೆ ನಾಗರಕೋವಿಲಿನಲ್ಲಿ 19ನೇ ಶತಮಾನದ ಮೊದಲ ಭಾಗದಲ್ಲೇ ಮಿಷನರಿ ಹೆಂಗಸರು ದಿಂಬಿನ ಲೇಸು ಕಲಿಸಿದ್ದರು. ಆ ಸಿಸ್ಟರ್ ಯಾವತ್ತೂ ನನ್ನ ಎದುರು ಕೂತು ತೋರಿಸಲಿಲ್ಲ. ಎದುರು ಕೂತರೆ ಎಡ ಬಲ ಅದಲುಬದಲಾಗುತ್ತದೆ. ಪಕ್ಕದಲ್ಲಿ ಕೂತು, ನನ್ನ ಕಡ್ಡಿ ಮುಟ್ಟದೆ, ಬಾಯಲ್ಲಿ ಮಾತ್ರ ಹೇಳುತ್ತಿದ್ದರು. ನೀವೂ ಕಡ್ಡಿ ಮುಟ್ಟಬೇಡಿ. ಎಲ್ಲರೂ ಸೇರಿ ‘ಅಡ್ಡ, ತಿರುವು, ಅಡ್ಡ’ ಎಂದು ತಾಳಕ್ಕೆ ಹೇಳಲಿ. ಇದು ತಮಾಷೆಯಲ್ಲ, ಇಂಗ್ಲೆಂಡಿನ ಲೇಸ್ ಶಾಲೆಗಳಲ್ಲಿ ಮಕ್ಕಳು ಸೂಜಿ ಎಣಿಸುತ್ತಾ ಹಾಡುವ ಪದಗಳೇ ಇದ್ದವು. (ಆ ಮಕ್ಕಳ ಬದುಕು ಹಾಡಿನಷ್ಟು ಚೆಂದವಿರಲಿಲ್ಲ, ಅದು ಬೇರೆ ಮಾತು.) ಸ್ಲೊವೇನಿಯಾದ ಇದ್ರಿಯಾದಲ್ಲಿ 1876ರಲ್ಲಿ ಶುರುವಾದ ಲೇಸ್ ಶಾಲೆ ಇವತ್ತಿಗೂ ನಡೆಯುತ್ತಿದೆ, ಆ ದೇಶದ ಬಾಬಿನ್ ಲೇಸ್ 2018ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಮೊದಲ ದಿನ ಏಳು ಜೋಡಿ ಕೊಡಬೇಡಿ. ಎರಡೇ ಜೋಡಿ ಕೊಟ್ಟು ಅಡ್ಡ-ತಿರುವು, ಅಡ್ಡ-ತಿರುವು ಎಂದು ಹಾಕಿಸುತ್ತಾ ಹೋಗಿ. ನಾಲ್ಕೆಳೆಯ ಚಪ್ಪಟೆ ಜಡೆ ಬೀಳುತ್ತದೆ. ಮಗಳ ತಲೆ ಬಾಚಿದ ಯಾವ ಹೆಂಗಸಿಗೂ ಇದು ಹೊಸದಲ್ಲ, ಧೈರ್ಯ ಬರುತ್ತದೆ. ಜಡೆ ಒಂದು ಗೇಣಾದರೆ ಕೈಗೆ ರಾಖಿಯಾಗುತ್ತದೆ, ಮನೆಗೆ ತೋರಿಸಲು ಏನೋ ಒಂದು ಸಿಕ್ಕಿತು.

ಸಂಪಾದನೆಯ ಮಾತು ಮುಚ್ಚಿಟ್ಟು ಹೇಳಲಾರೆ. ಕೈ ಪಳಗಿದ ಮೇಲೂ ಸಣ್ಣ ಟಾರ್ಶನ್ ಅಂಚು ಒಂದು ಇಂಚಿಗೆ ನನಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಹನ್ನೊಂದು ಇಂಚಿನ ಚೌಕ ಕರವಸ್ತ್ರಕ್ಕೆ ಸುತ್ತ 44 ಇಂಚು, ಅಂದರೆ ಹದಿನೈದು ಗಂಟೆ, ಮೂಲೆಗಳ ತಲೆನೋವು ಬೇರೆ. ಇದೇ ಹೊತ್ತಿನಲ್ಲಿ ಎಷ್ಟು ಸೀರೆಗೆ ಕುಚ್ಚು ಹಾಕುತ್ತೀರಿ, ಲೆಕ್ಕ ಹಾಕಿ. ಇಂಗ್ಲೆಂಡಿನ ಹೀತ್‌ಕೋಟ್ 1808-09ರಲ್ಲೇ ಲೇಸ್ ಬಲೆ ಹೆಣೆಯುವ ಯಂತ್ರ ಕಟ್ಟಿದ. ಮೀಟರ್ ಲೆಕ್ಕದಲ್ಲಿ ಕೈಲೇಸು ಸೋತು ಇನ್ನೂರು ವರ್ಷವಾಯಿತು. ಸೀರೆ ಅಂಚಿನ ಆಸೆ ಬಿಡಿ. ಸಂಘದ ಸಾಲ ತೆಗೆದು ಇದಕ್ಕೆ ಹಾಕುತ್ತೇವೆ ಎಂದರೆ ನಾನು ಬೇಡ ಎನ್ನುತ್ತೇನೆ. ಕಿವಿಯೋಲೆ, ಪುಸ್ತಕಕ್ಕೆ ಇಡುವ ಪಟ್ಟಿ, ರವಿಕೆಯ ಬೆನ್ನಿಗೆ ಒಂದೇ ಒಂದು ನಕ್ಷತ್ರ, ಇಂಥ ಎರಡು ಮೂರು ಗಂಟೆಯ ಕೆಲಸಗಳನ್ನು ನಿಮ್ಮ ಕಡೆಯ ಹೋಂಸ್ಟೇಗಳಲ್ಲಿ ದಿಂಬಿನ ಸಮೇತ ಕೂತು ಮಾಡುತ್ತಾ ಮಾರಿದರೆ ಕೊಳ್ಳುವವರಿದ್ದಾರೆ. ಮಾಡುವುದನ್ನು ಕಣ್ಣಾರೆ ನೋಡಿದವರು ಬೆಲೆ ಚೌಕಾಸಿ ಮಾಡುವುದು ಕಡಿಮೆ. ಕುಚ್ಚಿನ ಕೆಲಸ ಮಾತ್ರ ಬಿಡಬೇಡಿ, ಮನೆ ನಡೆಯುವುದು ಅದರಿಂದ.

ಕೆಂಪು ನೂಲಿನ ಪಟ್ಟಿ ಒಂದು ಗೇಣು ಆದ ಮೇಲೆ ಫೋಟೋ ಬೇಡ, ದಿಂಬನ್ನೇ ಹಾಸನಕ್ಕೆ ತನ್ನಿ. ಬಸ್ಸಿನಲ್ಲಿ ತರುವಾಗ ಕಡ್ಡಿಗಳನ್ನು ಜೋಡಿ ತಪ್ಪದಂತೆ ಸಾಲಾಗಿ ಇಟ್ಟು, ಮೇಲೊಂದು ಟವೆಲ್ ಮುಚ್ಚಿ, ದಿಂಬಿನ ಸುತ್ತ ಎಲಾಸ್ಟಿಕ್ ಬಿಗಿಯಿರಿ. ಚಾರ್ಮಾಡಿ ಘಾಟಿ ಕಡೆಯಿಂದ ಬರುವ ಬಸ್ಸಾದರೆ ಎರಡು ಎಲಾಸ್ಟಿಕ್.